ಬ್ಯಾಗು ನಿಮ್ಮದು, ಬ್ಯಾಟು ಯಾರದು?

ಪ್ರಶ್ನೆ: ನಾನು ನಿವೃತ್ತ ಪಿ.ಟಿ. ಮೇಷ್ಟ್ರು, ಮನೆ ಬನಶಂಕರಿ ಎರಡನೇ ಹಂತದಲ್ಲಿ. ಭಾನುವಾರ ಬೆಳಗ್ಗೆ ಬಡಾವಣೆಯ ಹುಡುಗರಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. ನನ್ನ ಹಳೇ ಶಿಷ್ಯನೊಬ್ಬ ಕೆಲಸದ ಮೇಲೆ ರುವಾಂಡಾದ ಕಿಗಾಲಿಯಲ್ಲಿದ್ದಾನೆ. ಅವನ ಮನೆ ಹತ್ತಿರದ ಶಾಲೆಯಲ್ಲಿ ಮಕ್ಕಳು ಎರಡೇ ಬ್ಯಾಟಿನಲ್ಲಿ ಸರದಿ ಮೇಲೆ ಆಡುತ್ತಾರಂತೆ. ನಾವು ಮನೆಮನೆ ಕೇಳಿ 14 ಬ್ಯಾಟು, 11 ಜೊತೆ ಪ್ಯಾಡು, 9 ಹೆಲ್ಮೆಟ್ಟು, ಒಂದಷ್ಟು ಗ್ಲೌಸು, 20 ಜೊತೆ ಶೂ, ಎರಡು ಮೂಟೆ ಜರ್ಸಿ ಸೇರಿಸಿದ್ದೇವೆ. ಡಿಸೆಂಬರಿನಲ್ಲಿ ನಾಲ್ವರು ಹೊರಟಿದ್ದೇವೆ. ಒಬ್ಬರು ‘ವ್ಯಾಲ್ಯೂ ಸೊನ್ನೆ ಅಂತ ಬರೀರಿ’ ಎನ್ನುತ್ತಾರೆ. ಇನ್ನೊಬ್ಬರು ‘ಯಾರಾದರೂ ಕೇಳಿದರೆ ಎಲ್ಲ ನಮ್ಮದೇ ಅನ್ನಿ’ ಎನ್ನುತ್ತಾರೆ. ಮತ್ತೊಬ್ಬರು ‘ಕಾರ್ನೆ ಮಾಡಿಸಿ’ ಎನ್ನುತ್ತಾರೆ. ಯಾವುದು ಸರಿ? ಇನ್ನೊಂದು: ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣನ ಮಗಳು, ಅಲ್ಲಿನ ಕ್ಲಬ್ಬಿನವರು ಕೊಟ್ಟ ಹಳೇ ಹಾಕಿ ಸ್ಟಿಕ್ಕುಗಳನ್ನು ನಮ್ಮ ಬಡಾವಣೆಯ ಟ್ರಸ್ಟಿಗೆ ತಂದುಕೊಡುತ್ತೇನೆ ಎನ್ನುತ್ತಿದ್ದಾಳೆ. ಅದಕ್ಕೂ ಇದೇ ನಿಯಮವೇ?

ಉತ್ತರ: ಮೇಷ್ಟ್ರೇ, ಮೂವರ ಮಾತೂ ಬೇಡ. ಆದರೆ ಮೂರೂ ಒಂದೇ ತೂಕದ ತಪ್ಪಲ್ಲ. ಕಾರ್ನೆ ಎಂದವರು ಎಲ್ಲೋ ಓದಿಕೊಂಡು ಹೇಳಿದ್ದಾರೆ, ಅದರಿಂದ ದುಡ್ಡು ದಂಡ ಅಷ್ಟೆ. ಸೊನ್ನೆ ಎಂದವರ ಮಾತು ಕೇಳಿದರೆ ನಿಮ್ಮ ಸಾಮಾನು ಗೋದಾಮಿಗೆ ಹೋಗುತ್ತದೆ. ‘ಎಲ್ಲ ನಮ್ಮದೇ’ ಎಂದವರ ಮಾತು ಕೇಳಿದರೆ ನೀವೇ ಒಂದು ಕೋಣೆಯಲ್ಲಿ ಎರಡು ಗಂಟೆ ಕೂರಬೇಕಾಗುತ್ತದೆ.

ಮೊದಲು ಕಾರ್ನೆ. ಎಟಿಎ ಕಾರ್ನೆ ಅನ್ನುವುದು ಸಾಮಾನಿನ ಪಾಸ್‌ಪೋರ್ಟು. ಎಕ್ಸಿಬಿಷನ್ನಿಗೆ, ಶೂಟಿಂಗಿಗೆ ಒಯ್ದ ವಸ್ತು ಹೋಗಿ ವಾಪಸ್ ಬರುತ್ತದೆ ಅನ್ನುವುದಕ್ಕೆ ಕೊಡುವ ಖಾತರಿ. ನಮ್ಮ ದೇಶದಲ್ಲಿ ಇದನ್ನು ಕೊಡುವುದು ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ, ಅವಧಿ ಒಂದು ವರ್ಷ. ನಿಮ್ಮ ಬ್ಯಾಟುಗಳು ವಾಪಸ್ ಬರುವುದಿಲ್ಲ, ಬರಲೂಬಾರದು. ವಾಪಸ್ ಬಾರದ ವಸ್ತುವಿಗೆ ಕಾರ್ನೆ ಮಾಡಿಸಿದರೆ ಕೊನೆಗೆ ಸುಂಕವನ್ನು ಆ ಖಾತರಿಯಿಂದಲೇ ವಸೂಲು ಮಾಡುತ್ತಾರೆ. ನಿಮ್ಮಲ್ಲಿ ಯಾರಾದರೂ ಸ್ಪೀಡ್ ಗನ್ನೋ ದೊಡ್ಡ ಕ್ಯಾಮೆರಾನೋ ಒಯ್ದು ತಿರುಗಿ ತರುವವರಿದ್ದರೆ ಅದಕ್ಕೂ ಕಾರ್ನೆ ಬೇಡ. ಹೊರಡುವ ದಿನ ನಮ್ಮ ಏರ್‌ಪೋರ್ಟಿನ ಕಸ್ಟಮ್ಸ್ ಕೌಂಟರಿನಲ್ಲಿ ಸೀರಿಯಲ್ ನಂಬರು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಬರುವಾಗ ‘ಇದು ಹೊರಗೆ ಕೊಂಡದ್ದಾ?’ ಅನ್ನುವ ಪ್ರಶ್ನೆಗೆ ಆ ಚೀಟಿಯೇ ಉತ್ತರ.

ಈಗ ಸೊನ್ನೆ. ಇದರ ಬಗ್ಗೆ ನಾನು ಅನುಭವದಿಂದಲೇ ಹೇಳಬೇಕು. ಈ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸಕ್ಕೆ ಬಂದು 20 ವರ್ಷ ದಾಟಿದೆ. ಕ್ಲಿಯರಿಂಗ್ ಆಫೀಸಿನ ಕಿರಿಯ ನೌಕರರಿಗೆ ಕೊಡುವ ಎಚ್ ಕಾರ್ಡ್ ಹಿಡಿದು ಗೋದಾಮಿನಿಂದ ಗೋದಾಮಿಗೆ ಓಡಾಡುತ್ತಿದ್ದ ಕಾಲ ಮುಗಿದು, ಸ್ವಂತವಾಗಿ ಶುರು ಮಾಡಿದ ಹೊಸತರಲ್ಲಿ ಒಂದು ಹಳೇ ವಿದ್ಯಾರ್ಥಿಗಳ ಗುಂಪು ಪೂರ್ವ ಆಫ್ರಿಕಾದ ಒಂದು ಊರಿಗೆ ನಾಲ್ಕು ಕಾರ್ಟನ್ ಫುಟ್‌ಬಾಲ್, ಶೂ ಕಳಿಸಬೇಕೆಂದು ಬಂತು. ಪುಣ್ಯದ ಕೆಲಸ ಅಂತ ನಾನೂ ಉತ್ಸಾಹದಲ್ಲಿ ಇನ್‌ವಾಯ್ಸ್ ಮೇಲೆ ‘ಹಳೇ ಕ್ರೀಡಾ ಸಾಮಗ್ರಿ, 4 ಕಾರ್ಟನ್, ನೋ ಕಮರ್ಷಿಯಲ್ ವ್ಯಾಲ್ಯೂ’ ಎಂದು ಒಂದೇ ಸಾಲು ಬರೆದೆ. ಇಲ್ಲಿಂದ ಸಲೀಸಾಗಿ ಹೋಯಿತು. ಅಲ್ಲಿ ಇಳಿದ ಮೇಲೆ ‘ಬೆಲೆ ಎಷ್ಟು, ಒಳಗೆ ಏನೇನಿದೆ, ಯಾರಿಗೆ’ ಅಂತ ಮೂರು ಪ್ರಶ್ನೆ ಬಂದವು. ನನ್ನ ಕಾಗದದಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಮೂರು ವಾರ ಗೋದಾಮಿನಲ್ಲಿ ಕೂತವು. ಡೆಮರೇಜ್, ಅಂದರೆ ಬಿಡಿಸಿಕೊಳ್ಳದ ಸಾಮಾನಿಗೆ ಬೀಳುವ ಗೋದಾಮಿನ ಬಾಡಿಗೆ, ಏರುತ್ತಾ ಹೋಗಿ, ಕೊನೆಗೆ ಶಾಲೆಯವರು ಎರಡು ಕಾರ್ಟನ್ ಬಿಡಿಸಿಕೊಂಡು ಉಳಿದೆರಡನ್ನು ಕೈಬಿಟ್ಟರು. ತಪ್ಪು ಅಲ್ಲಿಯವರದಲ್ಲ, ನನ್ನ ಆ ಒಂದು ಸಾಲಿನದು.

ಬಿಟ್ಟಿ ಸಿಕ್ಕಿದ್ದು ಅಂದಮಾತ್ರಕ್ಕೆ ಬೆಲೆಯಿಲ್ಲದ್ದು ಎಂದಲ್ಲ. ಕಸ್ಟಮ್ಸ್ ಮೌಲ್ಯಮಾಪನಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವಿದೆ, ನಮ್ಮ 2007ರ ಮೌಲ್ಯ ನಿರ್ಧಾರ ನಿಯಮಗಳೂ ಅದರದೇ ಜಾಡಿನಲ್ಲಿವೆ. ಮಾರಾಟವೇ ಆಗದ ವಸ್ತುವಾದರೆ ಅಂಥದ್ದೇ ವಸ್ತು, ಅಥವಾ ಅದನ್ನು ಹೋಲುವ ವಸ್ತು ಎಷ್ಟಕ್ಕೆ ಹೋಗುತ್ತದೆ ಅಂತ ನೋಡಿಕೊಂಡು ಬೆಲೆ ಕಟ್ಟುತ್ತಾರೆ. ನೀವು ಕಟ್ಟದಿದ್ದರೆ ಅಧಿಕಾರಿ ಕಟ್ಟುತ್ತಾರೆ. ಅವರು ಕಟ್ಟುವಾಗ ಇಂಟರ್ನೆಟ್ಟಿನಲ್ಲಿ ಹೊಸ ಬ್ಯಾಟಿನ ಬೆಲೆ ನೋಡುತ್ತಾರೆ. ಬನಶಂಕರಿಯ ಹುಡುಗ ಅದರಲ್ಲಿ ಮೂರು ಸೀಸನ್ ಆಡಿ ಅಂಚು ಒಡೆದು ಟೇಪು ಸುತ್ತಿದ್ದು ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಪಟ್ಟಿ ಬರೆಯಿರಿ, ಒಂದೊಂದು ಸಾಲೂ ಮಾತಾಡುವ ಹಾಗೆ. ‘ಕ್ರಿಕೆಟ್ ಸಾಮಾನು, ಒಂದು ಲಾಟು’ ಎಂದಲ್ಲ. ‘ಕ್ರಿಕೆಟ್ ಬ್ಯಾಟು, ಕಾಶ್ಮೀರ್ ವಿಲ್ಲೋ, ಸೈಜ್ 6, ಬಳಸಿದ್ದು, 5 ಸಂಖ್ಯೆ, ಹೊಸದರ ಬೆಲೆ ತಲಾ 1,800 ರೂಪಾಯಿ, ಈಗಿನ ಅಂದಾಜು ತಲಾ 500 ರೂಪಾಯಿ’ ಎಂದು. ಬ್ಯಾಟಿಗೆ ಒಂದು ಸಾಲು, ಪ್ಯಾಡಿಗೆ ಒಂದು, ಹೆಲ್ಮೆಟ್ಟಿಗೆ ಒಂದು ಹೀಗೆ ಬಿಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕಣ್ಣಿಗೆ ಎಲ್ಲ ಒಂದೇ ಕಿಟ್. ಸುಂಕದ ಪುಸ್ತಕದಲ್ಲಿ ಬ್ಯಾಟು, ಪ್ಯಾಡು 9506 ಎಂಬ ಶೀರ್ಷಿಕೆ ಸಂಖ್ಯೆಯ ಕೆಳಗೆ ಬರುತ್ತವೆ, ಹೆಲ್ಮೆಟ್ 6506ಕ್ಕೆ ಹೋಗುತ್ತದೆ, ಚರ್ಮದ ಗ್ಲೌಸು 4203ಕ್ಕೆ, ಕಿಟ್ ಬ್ಯಾಗು 4202ಕ್ಕೆ. ಶೂಗಳು 64ನೇ ಅಧ್ಯಾಯದಲ್ಲಿ ಬೇರೆಯೇ ಸಂಸಾರ ಹೂಡಿವೆ. ದರಗಳೂ ಬೇರೆಬೇರೆ. ಪಟ್ಟಿಯ ಕೊನೆಯಲ್ಲಿ ಮೊತ್ತವನ್ನು ಡಾಲರಿನಲ್ಲೂ ಹಾಕಿ. ‘ಉಚಿತ ಕೊಡುಗೆ, ಮಾರಾಟಕ್ಕಲ್ಲ, ಬೆಲೆ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿ. ಆ ವಾಕ್ಯ ಬೆಲೆಯ ಪಕ್ಕದಲ್ಲಿರಬೇಕು, ಬೆಲೆಯ ಬದಲಿಗಲ್ಲ.

‘ಎಲ್ಲ ನಮ್ಮದೇ ಅನ್ನಿ’ ಎಂಬ ಸಲಹೆಯನ್ನು ಒಮ್ಮೆ ಅಧಿಕಾರಿಯ ಕಡೆಯಿಂದ ನೋಡಿ. ತಲೆ ಬೆಳ್ಳಗಾದ ನಾಲ್ವರು ಗಂಡಸರು, ಆರು ಬ್ಯಾಗು. ಜಿಪ್ ಎಳೆದರೆ ಹತ್ತು ವರ್ಷದ ಮಗು ಆಡುವ ಬ್ಯಾಟು, ಅದರ ಹಿಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಯಾವುದೋ ಹುಡುಗನ ಹೆಸರು, ಪಕ್ಕದಲ್ಲಿ ನಾಲ್ಕನೇ ನಂಬರಿನ ಶೂ. ‘ಇದು ನಿಮ್ಮದಾ ಸರ್?’ ಅಂತ ಕೇಳಿದರೆ ಏನು ಹೇಳುತ್ತೀರಿ? ಪ್ರಯಾಣಿಕರ ಬ್ಯಾಗೇಜ್ ಎಂದರೆ ಎಲ್ಲ ದೇಶದಲ್ಲೂ ಮೂಲತಃ ಅವರವರ ಬಳಕೆಯ ಸಾಮಾನು. ಬೇರೆಯವರಿಗೆ ಕೊಡಲು ಒಯ್ಯುವುದು ಅಪರಾಧವಲ್ಲ. ಅದನ್ನು ಮುಚ್ಚಿಟ್ಟು ಸಿಕ್ಕಿಬೀಳುವುದು ಮಾತ್ರ ಅಪರಾಧ. ಆದ್ದರಿಂದ ಕಿಗಾಲಿಯಲ್ಲಿ ಇಳಿದವರೇ ನೇರ ಡಿಕ್ಲೇರ್ ಮಾಡುವ ಕಡೆಗೆ ಹೋಗಿ, ಕೇಳುವ ಮೊದಲೇ ಪಟ್ಟಿ, ಪತ್ರ ಎರಡನ್ನೂ ಮೇಜಿನ ಮೇಲಿಡಿ.

ಯಾವ ಪತ್ರ ಅಂದರೆ, ಅಸಲು ವಿಷಯ ಅದೇ. ನನ್ನ ಹತ್ತಿರ ಬರುವ ದಾನಿಗಳೆಲ್ಲ ‘ಬೆಂಗಳೂರಿನಲ್ಲಿ ಯಾವ ಪರ್ಮಿಷನ್ ಬೇಕು’ ಎಂದೇ ಮಾತು ಶುರು ಮಾಡುತ್ತಾರೆ. ಈ ವ್ಯವಹಾರ ಕೂಡುವುದೋ ಕೆಡುವುದೋ ತೆಗೆದುಕೊಳ್ಳುವವರ ತುದಿಯಲ್ಲಿ. ನೀವು ಕೊಡುವವರು, ಬ್ಯಾಗು ಹೊರುವವರು. ಕಾನೂನಿನ ಕಣ್ಣಿಗೆ ಆಮದುದಾರರಾಗಿ ನಿಲ್ಲಬೇಕಾದದ್ದು ಆ ಶಾಲೆ, ಅಥವಾ ಶಾಲೆಯ ಪರವಾಗಿ ಅಲ್ಲಿನ ಕ್ರಿಕೆಟ್ ಸಂಸ್ಥೆ. ಇವತ್ತೇ ನಿಮ್ಮ ಶಿಷ್ಯನಿಗೆ ಫೋನ್ ಮಾಡಿ. ಶಾಲೆಯ ಲೆಟರ್‌ಹೆಡ್ಡಿನಲ್ಲಿ, ಸೀಲು ಸಹಿತ, ಇಂಥ ದಿನಾಂಕದಂದು ಇಂಥ ನಾಲ್ವರು ತರುತ್ತಿರುವ, ಲಗತ್ತಿಸಿದ ಪಟ್ಟಿಯಲ್ಲಿರುವ ಸಾಮಗ್ರಿಯನ್ನು ಶಾಲೆಯ ಮಕ್ಕಳ ಬಳಕೆಗೆ ಕೊಡುಗೆಯಾಗಿ ಸ್ವೀಕರಿಸುತ್ತೇವೆ, ಮಾರುವುದಿಲ್ಲ ಎಂದು ಬರೆಸಲಿ. ಅದರಲ್ಲಿ ಏರ್‌ಪೋರ್ಟಿಗೆ ಬರಬಲ್ಲ ಒಬ್ಬರ ಹೆಸರು, ಫೋನ್ ನಂಬರು ಇರಲಿ. ಅದೇ ಪತ್ರ ಮತ್ತು ನಿಮ್ಮ ಪಟ್ಟಿ ಹಿಡಿದು ಶಾಲೆಯವರು ರುವಾಂಡಾ ರೆವಿನ್ಯೂ ಅಥಾರಿಟಿಗೆ ಹೋಗಿ, ಸುಂಕ ವಿನಾಯಿತಿ ಸಿಗುತ್ತದೆಯೇ, ಸಿಗುವುದಾದರೆ ಯಾವ ಇಲಾಖೆಯ ಶಿಫಾರಸು ಬೇಕು ಎಂದು ಕೇಳಿ ಲಿಖಿತ ಉತ್ತರ ತರಿಸಿಕೊಳ್ಳಲಿ. ಸಾಮಾನು ಇಳಿದ ಮೇಲೆ ವಿನಾಯಿತಿ ಕೇಳುವುದು ಮದುವೆಯಾದ ಮೇಲೆ ಜಾತಕ ತೋರಿಸಿದ ಹಾಗೆ. ವಿನಾಯಿತಿ ಸಿಗಲೇ ಇಲ್ಲ ಅನ್ನಿ, ಆಗ ರುವಾಂಡಾ ಸೇರಿರುವ ಪೂರ್ವ ಆಫ್ರಿಕಾ ಸಮುದಾಯ ಎಂಬ ದೇಶಗಳ ಕೂಟದ ಸಮಾನ ಸುಂಕ, ಅದರ ಮೇಲೆ 18 ಪ್ರತಿಶತ ವ್ಯಾಟ್ ಬೀಳುತ್ತದೆ. ನೀವು ಪ್ರಾಮಾಣಿಕವಾಗಿ ಬರೆದ ಹಳೇ ಸಾಮಾನಿನ ಬೆಲೆಯ ಮೇಲೆ ಅದು ನಾಲ್ವರು ಹಂಚಿಕೊಂಡು ಕಟ್ಟಬಹುದಾದ ಮೊತ್ತವೇ. ಕೈಯಲ್ಲಿ ಒಂದಿಷ್ಟು ಡಾಲರ್ ಇಟ್ಟುಕೊಂಡೇ ಹೋಗಿ.

ಅಲ್ಲಿನ ಕ್ರಿಕೆಟ್ ಸಂಸ್ಥೆಯನ್ನು ಸೇರಿಸಿಕೊಳ್ಳಿ ಎಂದೆನಲ್ಲ, ಅದು ಬಾಯಿಮಾತಿಗಲ್ಲ. ಕಿಗಾಲಿಯ ಹೊರಗೆ ಗಹಾಂಗದಲ್ಲಿ 2017ರಲ್ಲೇ ಒಂದು ಚೆಂದದ ಸ್ಟೇಡಿಯಂ ಎದ್ದಿದೆ. 2023ರ 19 ವರ್ಷದೊಳಗಿನ ಹುಡುಗಿಯರ ಟಿ20 ವಿಶ್ವಕಪ್ಪಿನಲ್ಲಿ ರುವಾಂಡಾದ ಹುಡುಗಿಯರು ಜಿಂಬಾಬ್ವೆಯನ್ನೂ ವೆಸ್ಟ್ ಇಂಡೀಸನ್ನೂ ಸೋಲಿಸಿದ್ದರು. ಅಂಥ ಕಡೆ ಹೊರಗಿನಿಂದ ಸಾಮಾನು ತರಿಸಿ ಬಿಡಿಸಿಕೊಂಡ ಅನುಭವವಿರುವವರು ಸಂಸ್ಥೆಯಲ್ಲಿ ಇದ್ದೇ ಇರುತ್ತಾರೆ. ಶಾಲೆಯ ಹೆಡ್‌ಮಾಸ್ಟರಿಗಿಂತ ಅವರಿಗೆ ದಾರಿ ಗೊತ್ತಿರುತ್ತದೆ.

ಈಗ ನಿಮಗೆ ಬೇಸರವಾಗುವ ಮಾತು. ಆ 20 ಜೊತೆ ಶೂ, ಎರಡು ಮೂಟೆ ಜರ್ಸಿ ಒಯ್ಯಬೇಡಿ. ಹಳೇ ಬಟ್ಟೆ ಅಂದರೆ ಪೂರ್ವ ಆಫ್ರಿಕಾದಲ್ಲಿ ದೊಡ್ಡ ರಾಜಕೀಯ. ಅಮೆರಿಕ, ಯುರೋಪಿನಿಂದ ಬೇಲುಗಟ್ಟಲೆ ಬಂದು ಬೀಳುವ ಹಳೇ ಬಟ್ಟೆಯಿಂದ ತಮ್ಮ ಬಟ್ಟೆ ಉದ್ಯಮ ಏಳುವುದೇ ಇಲ್ಲ ಎಂದು ರುವಾಂಡಾ 2016ರಲ್ಲಿ ಅದರ ಸುಂಕವನ್ನು ಕಿಲೋಗೆ 0.20 ಡಾಲರಿನಿಂದ 2.50 ಡಾಲರಿಗೆ ಏರಿಸಿತು. ಹಳೇ ಶೂಗಳ ಸುಂಕವೂ ಏರಿತು. ಅಮೆರಿಕ ಸಿಟ್ಟಾಗಿ 2018ರಲ್ಲಿ ರುವಾಂಡಾದ ಸಿದ್ಧ ಉಡುಪಿಗೆ ಕೊಡುತ್ತಿದ್ದ ಸುಂಕ ರಿಯಾಯಿತಿಯನ್ನೇ ತಡೆಹಿಡಿಯಿತು. ಅಷ್ಟಾದರೂ ಅವರು ಬಗ್ಗಲಿಲ್ಲ. ಆ ದೇಶದ ಬಾಗಿಲಲ್ಲಿ ನೀವು ಎರಡು ಮೂಟೆ ಹಳೇ ಜರ್ಸಿ ಇಳಿಸಿದರೆ ಉಳಿದ ಒಳ್ಳೆಯ ಸಾಮಾನಿನ ಮೇಲೂ ಅನುಮಾನ ಬರುತ್ತದೆ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಬೆವರು ಹೀರಿ ಹಳದಿಯಾದ ಜರ್ಸಿಯನ್ನು ಇನ್ನೊಬ್ಬರ ಮಗುವಿಗೆ ಕೊಡುವುದು ಹಾಗೂ ಅಷ್ಟಕ್ಕಷ್ಟೆ. ಶೂಗಳನ್ನು ತೊಳೆದು ಇಲ್ಲೇ ಬೆಂಗಳೂರಿನ ಹುಡುಗರಿಗೆ ಹಂಚಿ. ಜರ್ಸಿ ಬೇಕೇಬೇಕೆಂದರೆ ಕಿಗಾಲಿಯಲ್ಲೇ ಹೊಲಿಸಿ ಕೊಡಿ, ಅಲ್ಲಿನ ದರ್ಜಿಗೂ ನಾಲ್ಕು ಕಾಸು.

ಪ್ಯಾಕಿಂಗಿಗೆ ಬರೋಣ. ರುವಾಂಡಾದಲ್ಲಿ ಪಾಲಿಥಿನ್ ಚೀಲ 2008ರಿಂದ ನಿಷಿದ್ಧ. ಬರೀ ಬೋರ್ಡಿನ ಮೇಲಿರುವ ನಿಷೇಧವಲ್ಲ, ಏರ್‌ಪೋರ್ಟಿನಲ್ಲೇ ಬ್ಯಾಗಿನಿಂದ ತೆಗೆಸುತ್ತಾರೆ. ಹೊಸ ಬ್ಯಾಟಿಗೆ ಬರುವ ಪ್ಲಾಸ್ಟಿಕ್ ಕವರು, ಗ್ಲೌಸು ತುಂಬಿದ ತೆಳು ಚೀಲ, ಚೆಂಡು ಕಟ್ಟಿದ ಕ್ಯಾರಿಬ್ಯಾಗು, ಯಾವುದೂ ಬೇಡ. ಏರ್‌ಪೋರ್ಟಿನಲ್ಲಿ ದುಡ್ಡು ಕೊಟ್ಟು ಸೂಟ್‌ಕೇಸಿಗೆ ಸುತ್ತಿಸುವ ಆ ಪ್ಲಾಸ್ಟಿಕ್ ಹಾಳೆಯೂ ಬೇಡ. ಹಳೇ ಪಂಚೆ ಹರಿದು ಬ್ಯಾಟು ಸುತ್ತಿ, ಗ್ಲೌಸನ್ನು ಬಟ್ಟೆ ಚೀಲಕ್ಕೆ ಹಾಕಿ.

ಅದಕ್ಕೂ ಮೊದಲು ಮಣ್ಣು. ಬಳಸಿದ ಆಟದ ಸಾಮಾನಿನಲ್ಲಿ ಗಡಿಯವರಿಗೆ ನಿಜವಾದ ಹೆದರಿಕೆ ಇರುವುದು ಬ್ಯಾಟಿನ ಬಗ್ಗೆ ಅಲ್ಲ, ಅದಕ್ಕಂಟಿದ ಕೆಮ್ಮಣ್ಣು, ಹುಲ್ಲಿನ ಬೀಜ, ಸಗಣಿಯ ಬಗ್ಗೆ. ಬೆಳೆಯ ರೋಗ, ದನದ ಕಾಲುಬಾಯಿ ಜ್ವರ ಎಲ್ಲ ಮಣ್ಣಿನ ಜೊತೆ ಪ್ರಯಾಣ ಮಾಡುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಮಣ್ಣಂಟಿದ ಸ್ಪೈಕ್ಸ್ ಸಿಕ್ಕರೆ ಅಲ್ಲೇ ನಿಲ್ಲಿಸಿ ತೊಳೆಸುತ್ತಾರೆ. ಬೇರೆ ಕಡೆ ಅಷ್ಟು ಬಿಗಿ ಇಲ್ಲದಿದ್ದರೂ ಸ್ವಚ್ಛ ಸಾಮಾನಿಗೆ ಸಿಗುವ ಮರ್ಯಾದೆಯೇ ಬೇರೆ. ನಮ್ಮ ಮನೆಯಲ್ಲಿ ಮಗನ ಕಿಟ್ ಕೊಡುವ ಮುಂಚೆ ನಾನು ಮಾಡುವುದು ಇಷ್ಟು: ಪ್ಯಾಡನ್ನು ಮಗುಚಿ ಹಿಂದಿನ ಪಟ್ಟಿಗಳ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ ಹಾಕುತ್ತೇನೆ. ವೆಲ್‌ಕ್ರೋ ಒಳಗೆ ಸಿಕ್ಕಿದ ಹುಲ್ಲನ್ನು ಹೇರ್‌ಪಿನ್ನಿನಿಂದ ಒಂದೊಂದೇ ಎಳೆಯುತ್ತೇನೆ. ಬ್ಯಾಟಿನ ತುದಿಯ ರಬ್ಬರ್ ಪಟ್ಟಿ ಸಡಿಲವಾಗಿದ್ದರೆ ಅದರೊಳಗೆ ಒಂದು ಚಮಚ ಮಣ್ಣು ಇದ್ದೇ ಇರುತ್ತದೆ, ಅದನ್ನು ಕಿತ್ತು ಒರೆಸಬೇಕು. ಆಮೇಲೆ ತಾರಸಿಯ ಮೇಲೆ ಎರಡು ದಿನ ಬಿಸಿಲು. ಬ್ಯಾಟು ಮಾತ್ರ ನೆರಳಲ್ಲಿ, ಇಲ್ಲವಾದರೆ ವಿಲ್ಲೋ ಸೀಳುತ್ತದೆ.

ಹೆಲ್ಮೆಟ್ಟಿನ ವಿಷಯದಲ್ಲಿ ಕಠಿಣವಾಗಿರಿ. 2014ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಆಟಗಾರ ಫಿಲ್ ಹ್ಯೂಸ್ ಕತ್ತಿಗೆ ಚೆಂಡು ಬಿದ್ದು ತೀರಿಕೊಂಡ ಮೇಲೆ ಎಲ್ಲರಿಗೂ ಹೆಲ್ಮೆಟ್ಟಿನ ಬೆಲೆ ಗೊತ್ತಾಯಿತು. ಒಳಗಿನ ಚೀಟಿಯಲ್ಲಿ ಬಿಎಸ್ 7928:2013 ಎಂಬ ಬ್ರಿಟಿಷ್ ಮಾನದಂಡದ ಗುರುತಿದೆಯೇ ನೋಡಿ. ಒಮ್ಮೆ ಜೋರು ಪೆಟ್ಟು ತಿಂದದ್ದು, ಗ್ರಿಲ್ ಬಾಗಿದ್ದು, ಒಳಗಿನ ಫೋಮ್ ಪುಡಿಯಾಗುತ್ತಿರುವುದು ಇದ್ದರೆ ಕಸಕ್ಕೆ ಹಾಕಿ. 9ರಲ್ಲಿ 4 ಉಳಿದರೆ 4 ಸಾಕು. ನಮ್ಮ ಹುಡುಗನ ತಲೆಗೆ ಹಾಕದ್ದನ್ನು ಅವರ ಹುಡುಗನ ತಲೆಗೆ ಹಾಕುವುದು ದಾನ ಹೇಗಾಗುತ್ತದೆ?

ಬ್ಯಾಗಿನ ಅಳತೆಯಲ್ಲಿ ಎಡವುವವರೇ ಹೆಚ್ಚು. ಹೆಚ್ಚಿನ ಏರ್‌ಲೈನಿನವರು ಚೆಕ್-ಇನ್ ಬ್ಯಾಗಿನ ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ಕ್ರಿಕೆಟ್ ನಿಯಮದ ಪ್ರಕಾರ ಬ್ಯಾಟಿನ ಉದ್ದ 38 ಇಂಚಿನವರೆಗೆ, ಅಂದರೆ ಸುಮಾರು 97 ಸೆಂಟಿಮೀಟರ್, ಇರಬಹುದು. ಹಾಗಾದರೆ ಉಳಿದೆರಡು ಅಳತೆಗೆ 61 ಉಳಿಯಿತು: 31, 30. ಚಕ್ರವಿರುವ ದೊಡ್ಡ ಕಿಟ್ ಬ್ಯಾಗುಗಳು ಇದನ್ನು ಸಲೀಸಾಗಿ ಮೀರುತ್ತವೆ, ಕೌಂಟರಿನಲ್ಲಿ ಓವರ್‌ಸೈಜ್ ಎಂದು ದುಡ್ಡು ಕೇಳುತ್ತಾರೆ. ಮಕ್ಕಳ ಸೈಜಿನ ಬ್ಯಾಟುಗಳಾದರೆ ಈ ತಲೆನೋವೇ ಇಲ್ಲ, ಶಾಲೆಗೆ ಬೇಕಿರುವುದೂ ಅವೇ. ನಿಮ್ಮ 14ರಲ್ಲಿ ಫುಲ್ ಸೈಜ್ ಎಷ್ಟಿವೆ ಎಣಿಸಿ, ಅವುಗಳಲ್ಲಿ ಎರಡೋ ಮೂರೋ ಮಾತ್ರ ಒಯ್ದು ಉಳಿದ ಫುಲ್ ಸೈಜಿನವನ್ನು ಇಲ್ಲೇ ಬಿಡಿ. ಎಲ್ಲ ಬ್ಯಾಟು ಒಂದೇ ಬ್ಯಾಗಿಗೆ ಹಾಕಬೇಡಿ. ಒಂದು ಬ್ಯಾಗು ನಡುದಾರಿಯಲ್ಲಿ ತಪ್ಪಿಹೋದರೂ ಉಳಿದವುಗಳಲ್ಲಿ ಆಟ ನಡೆಯುವಂತೆ ಹಂಚಿ, ಪ್ರತಿ ಬ್ಯಾಗಿನೊಳಗೂ ಅದರದೇ ಪಟ್ಟಿ ಇಡಿ. ಬ್ಯಾಟು ಕೈಚೀಲದಲ್ಲಿ ಬಿಡುವುದಿಲ್ಲ, ಮಕ್ಕಳ ಸೈಜಿನದ್ದನ್ನೂ ಬಿಡುವುದಿಲ್ಲ. ಗ್ರಿಪ್ ಅಂಟಿಸುವ ಗಮ್ ಡಬ್ಬಿ ಬೆಂಕಿ ಹತ್ತುವ ವಸ್ತು, ಯಾವ ಬ್ಯಾಗಿನಲ್ಲೂ ಬೇಡ. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬ್ಯಾಗಿನ ಮೂಲೆಗೆ ತುರುಕುವ ಅಭ್ಯಾಸ ಕೆಲವರಿಗಿದೆ. ಅದು ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಎಣ್ಣೆ ಹಾಕುವ ಕೆಲಸ ವಾರ ಮೊದಲೇ ಮುಗಿಸಿ, ಬಟ್ಟೆ ಮನೆಯಲ್ಲೇ ಬಿಡಿ.

‘ಇಷ್ಟೆಲ್ಲ ಯಾಕೆ, ಕಾರ್ಗೋದಲ್ಲಿ ಹಾಕಿಬಿಡೋಣ’ ಅನಿಸಬಹುದು. ನಿಮ್ಮ ಪ್ರಮಾಣಕ್ಕೆ ಬೇಡ. ಭಾರತದಿಂದ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಸ್ತುಗಳನ್ನು ಉಡುಗೊರೆಯಾಗಿ ರಫ್ತು ಮಾಡಲು ವಿದೇಶ ವ್ಯಾಪಾರ ನೀತಿಯಲ್ಲೇ ಅವಕಾಶವಿದೆ, ವಿದೇಶದಿಂದ ಹಣ ಬರಬೇಕೆಂಬ ರಿಸರ್ವ್ ಬ್ಯಾಂಕಿನ ಷರತ್ತೂ ಅದಕ್ಕಿಲ್ಲ. ಆದರೂ ಶಿಪ್ಪಿಂಗ್ ಬಿಲ್, ಏರ್‌ವೇ ಬಿಲ್, ನನ್ನಂಥವರ ಫೀಸು, ಅಲ್ಲಿ ಅವರ ಏಜೆಂಟಿನ ಫೀಸು ಎಲ್ಲ ಸೇರಿಕೊಳ್ಳುತ್ತವೆ. ಮೇಲಾಗಿ ಪ್ಯಾಡು ಹಗುರ, ಆದರೆ ಜಾಗ ತಿನ್ನುತ್ತದೆ. ಏರ್ ಕಾರ್ಗೋದಲ್ಲಿ 6,000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಲೆಕ್ಕ. ಮೇಲೆ ಹೇಳಿದ 97, 31, 30ರ ಬ್ಯಾಗು ಒಳಗೆ 9 ಕಿಲೋ ತೂಗಿದರೂ 15 ಕಿಲೋಗೆ ದುಡ್ಡು ಕಟ್ಟಬೇಕು. ನಿಮ್ಮ ಬಡಾವಣೆಯ ಟ್ರಸ್ಟಿನ ದುಡ್ಡಲ್ಲಿ ಇದನ್ನೆಲ್ಲ ಕಳಿಸುವ ಯೋಚನೆ ಇದ್ದರೆ ಮಾತ್ರ ಮೊದಲು ಆಡಿಟರನ್ನು ಕೇಳಿ. ದೇಶದ ಹೊರಗಿನ ದಾನಕ್ಕೆ ಆದಾಯ ತೆರಿಗೆಯಲ್ಲಿ ಬೇರೆ ಲೆಕ್ಕವಿದೆ. ನಾಲ್ವರು ಸ್ವಂತ ಟಿಕೆಟ್ಟಿನಲ್ಲಿ ಒಯ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ನಿಮ್ಮ ಅಣ್ಣನ ಮಗಳ ಹಾಕಿ ಸ್ಟಿಕ್ಕು. ಇದು ಬೇರೆಯೇ ಕಥೆ, ನಾಲ್ಕು ಸ್ಟಿಕ್ಕಾದರೂ ಸ್ವಲ್ಪ ಗಂಭೀರದ್ದು.

ಕಾರ್ಗೋದಲ್ಲಂತೂ ಕಳಿಸಬೇಡಿ ಎನ್ನಿ. ಹೊಸ ಸ್ಟಿಕ್ಕಾದರೆ ಯಾರೂ ತರಿಸಬಹುದು, ಹಳೇ ಸ್ಟಿಕ್ಕಿಗೆ ಡಿಜಿಎಫ್‌ಟಿಯ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಪರವಾನಗಿ ಬೇಕು. ಯಂತ್ರೋಪಕರಣ ಬಿಟ್ಟು ಉಳಿದೆಲ್ಲ ಬಳಸಿದ ವಸ್ತುಗಳ ಆಮದು ನಮ್ಮಲ್ಲಿ ನಿರ್ಬಂಧಿತ. ಹಳೆಯದೆಂದರೆ ಸಲೀಸು ಅಂದುಕೊಂಡವರಿಗೆ ಇದು ತಿರುವುಮುರುವು. ಕ್ರೀಡಾ ಸಾಮಗ್ರಿಗೆ ಸುಂಕ ವಿನಾಯಿತಿ ಇದೆಯಂತಲ್ಲ ಎಂದು ಯಾರಾದರೂ ಹೇಳಿದರೆ, ಅದು ರಾಷ್ಟ್ರೀಯ ಫೆಡರೇಷನ್ನುಗಳಿಗೆ, ದೊಡ್ಡ ಮಟ್ಟದಲ್ಲಿ ಆಡುವವರಿಗೆ ಇರುವ ಸೌಲಭ್ಯ. ಬಡಾವಣೆಯ ಟ್ರಸ್ಟಿಗಲ್ಲ.

ಬ್ಯಾಗಿನಲ್ಲಿ ತಂದರೆ? ಭಾರತೀಯ ಮೂಲದ ಪ್ರಯಾಣಿಕರಿಗೆ 2016ರ ಬ್ಯಾಗೇಜ್ ನಿಯಮದಲ್ಲಿ ಸುಂಕವಿಲ್ಲದ ಮಿತಿ 50,000 ರೂಪಾಯಿ ಇತ್ತು. ಇಂಥ ಮೊತ್ತ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ವಾರ ಕಸ್ಟಮ್ಸಿನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಲಿ. ಗಂಡ, ಹೆಂಡತಿ ಇಬ್ಬರ ಮಿತಿ ಕೂಡಿಸಿ ಒಂದೇ ಗಂಟಿಗೆ ಲೆಕ್ಕ ಹಾಕಲು ಬಿಡುವುದಿಲ್ಲ. ನಾಲ್ಕಾರು ಸ್ಟಿಕ್ಕಾದರೆ ಬೆಲೆ ಬರೆದು ತೋರಿಸಿ ಬರಬಹುದು. 30 ಸ್ಟಿಕ್ಕು ತಂದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಸ್ವಂತದ ಬ್ಯಾಗೇಜ್ ಎಂದು ಯಾರೂ ಒಪ್ಪುವುದಿಲ್ಲ.

ಕಸ್ಟಮ್ಸ್ ದಾಟಿದ ಮೇಲೂ ಮುಗಿಯಲಿಲ್ಲ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಇದೆ, ಎಲ್ಲರೂ ಎಫ್‌ಸಿಆರ್‌ಎ ಎನ್ನುತ್ತಾರಲ್ಲ ಅದು. ವಿದೇಶಿ ವಂತಿಗೆ ಅಂದರೆ ದುಡ್ಡು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ವಸ್ತುವೂ ಸೇರುತ್ತದೆ. ಒಬ್ಬ ವ್ಯಕ್ತಿಗೆ ಸ್ವಂತ ಬಳಕೆಗೆ ಕೊಟ್ಟ 1 ಲಕ್ಷ ರೂಪಾಯಿವರೆಗಿನ ಉಡುಗೊರೆ ಬಿಟ್ಟುಬಿಡುತ್ತಾರೆ, ಟ್ರಸ್ಟಿಗೆ ಕೊಟ್ಟರೆ ಆ ಬಿಡುವು ಅನ್ವಯಿಸುವುದಿಲ್ಲ. ನಿಮ್ಮ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದಿದ್ದರೆ ವಿದೇಶಿ ಮೂಲದಿಂದ ಒಂದು ಸ್ಟಿಕ್ಕನ್ನೂ ತೆಗೆದುಕೊಳ್ಳುವಂತಿಲ್ಲ. ಅಣ್ಣನ ಮಗಳು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವಳು ವಿದೇಶಿ ಮೂಲವಲ್ಲ. ಅಮೆರಿಕದ ಪ್ರಜೆಯಾಗಿ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಪಡೆದಿದ್ದರೆ ಹೌದು. ‘ಸಂಬಂಧಿಕರು ಕೊಟ್ಟರೆ ಪರವಾಗಿಲ್ಲವಂತೆ’ ಎಂದು ಯಾರೋ ಹೇಳಿರುತ್ತಾರೆ. ಆ ಕಾನೂನು ಸಂಬಂಧಿಕರ ಪಟ್ಟಿಯನ್ನು ಕಂಪನಿ ಕಾಯ್ದೆಯಿಂದ ಎರವಲು ತಂದಿದೆ. ಅದರಲ್ಲಿ ಅಣ್ಣ ಸಂಬಂಧಿಕ, ಅಣ್ಣನ ಮಗಳು ಅಲ್ಲ! ನಮ್ಮ ಕಡೆ ಅಣ್ಣನ ಮಗಳೆಂದರೆ ಸ್ವಂತ ಮಗಳ ಹಾಗೆ, ದಿಲ್ಲಿಯಲ್ಲಿ ಕೂತು ಬರೆದವರಿಗೆ ಅದು ಕಾಣಲಿಲ್ಲ. ಇರಲಿ, ನಿಮ್ಮ ಪ್ರಕರಣದಲ್ಲಿ ಆ ವಾದವೂ ನಿಲ್ಲುವುದಿಲ್ಲ. ಸ್ಟಿಕ್ಕುಗಳು ಕ್ಲಬ್ಬಿನವು ಎಂದಿರಿ. ಅಲ್ಲಿಗೆ ಕೊಡುವವರು ಅಮೆರಿಕದ ಕ್ಲಬ್ಬು, ತೆಗೆದುಕೊಳ್ಳುವವರು ಟ್ರಸ್ಟು, ಅವಳು ನಡುವಿನ ಕೈ ಮಾತ್ರ.

ನಾನಾಗಿದ್ದರೆ ಅವಳಿಗೆ ‘ಸ್ಟಿಕ್ಕು ಬೇಡ ಮಗಳೇ, ಬಂದಾಗ ಬಡಾವಣೆಯ ಹುಡುಗಿಯರ ಜೊತೆ ಒಂದು ಮ್ಯಾಚ್ ಆಡು’ ಎನ್ನುತ್ತಿದ್ದೆ. ಸ್ಟಿಕ್ಕು ಜಲಂಧರಿನಲ್ಲೇ ತಯಾರಾಗುತ್ತದೆ, ಅದಕ್ಕೆ ಅಟ್ಲಾಂಟಿಕ್ ದಾಟಿಸುವ ಗೋಜು ಯಾಕೆ? ಅದಕ್ಕೂ ಮೊದಲು ಒಂದು ಭಾನುವಾರ ಶಾಂತಿನಗರದ ಅಕ್ಕಿತಿಮ್ಮನಹಳ್ಳಿ ಹಾಕಿ ಸ್ಟೇಡಿಯಂ ಕಡೆ ಹೋಗಿ ಬನ್ನಿ. ಅಲ್ಲಿ ಆಡಿ ಬಿಟ್ಟ ಹಿರಿಯರ ಮನೆಗಳ ಅಟ್ಟದ ಮೇಲೆ ಎಷ್ಟು ಸ್ಟಿಕ್ಕು ಧೂಳು ತಿನ್ನುತ್ತಿವೆಯೋ ಕೇಳಿ ನೋಡಿ.

ಕಿಗಾಲಿಯ ಪತ್ರ ಬಂದ ಮೇಲೆ ಅದನ್ನೂ ನಿಮ್ಮ ಪಟ್ಟಿಯ ಕರಡನ್ನೂ ಒಟ್ಟಿಗೆ ಕಳಿಸಿ, ನೋಡಿ ತಿದ್ದಿಕೊಡುತ್ತೇನೆ. ಶೂ ಸಾಲನ್ನು ಹೊಡೆದುಹಾಕಿಯೇ ಕಳಿಸಿ.